ಕಾಗೇರಿಯವರ ಚುನಾವಣಾ ದಾಖಲೆ: ಅಂಕೋಲಾ, ಶಿರಸಿ, ಲೋಕಸಭೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಹೇಗೆ?

ಶಾಲ್ಮಲಾ_ದಂಡೆ (ಶಿರಸಿ):

ಎಲ್ಲರಿಗೂ ನಮಸ್ಕಾರ. ನಮ್ಮ ವಾಚನಾಲಯದಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಪ್ರತಿನಿಧಿಗಳ ಬಗ್ಗೆ ಗೋಡೆ ಫಲಕಗಳನ್ನು ಮಾಡಿಸುತ್ತಿದ್ದೇವೆ. ಮೊದಲನೆಯದು ವಿಶ್ವೇಶ್ವರ ಹೆಗಡೆ ಕಾಗೇರಿಯವರದು. ಹೈಸ್ಕೂಲು ಮಕ್ಕಳು ಬಂದು ಓದುವಂಥ ಜಾಗ, ಹಾಗಾಗಿ ತಪ್ಪು ಇರಬಾರದು. ಅಲ್ಲಿ ಇಲ್ಲಿ ಸಿಕ್ಕಿದ್ದನ್ನು ಸೇರಿಸಿದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

ಮುಖ್ಯವಾಗಿ ನಾಲ್ಕು ಗೊಂದಲ. ಶಿರಸಿ ತಾಲೂಕಿನವರಾದ ಅವರು ಮೊದಲ ಮೂರು ಸಲ ಅಂಕೋಲಾದಿಂದ ಗೆದ್ದಿದ್ದಾರೆ, ಯಾಕೆ? ಆರು ಸಲ ಎನ್ನುವುದೋ ಏಳು ಸಲ ಎನ್ನುವುದೋ? 2018ರ ಮತ್ತು 2023ರ ಶೇಕಡಾವಾರು ಮತಗಳು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇವೆ, ಯಾವುದನ್ನು ಹಿಡಿಯಬೇಕು? ಕೊನೆಯದಾಗಿ, 2023ರ ಸೋಲಿನ ಬಗ್ಗೆ ಒಂದು ಸಾಲು ಬರೆಯಬೇಕೆಂದಿದ್ದೇವೆ. ‘ಮತದಾರರು ಕೈಬಿಟ್ಟರು’ ಅಂತ ಸಮಿತಿಯಲ್ಲಿ ಒಬ್ಬರು ಬರೆದುಕೊಟ್ಟಿದ್ದಾರೆ. ಅಂಕಿಸಂಖ್ಯೆ ನೋಡಿದರೆ ಅದು ಸರಿಯೇ? ತಿಳಿದವರು ಹೇಳಿ.

ಘಟ್ಟದ_ಕೆಳಗೆ (ಅಂಕೋಲಾ):

ಮೊದಲು ಕ್ಷೇತ್ರದ ವಿಷಯ ಬಗೆಹರಿಸಿಕೊಳ್ಳಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.

2008ಕ್ಕೆ ಮೊದಲು ನಮ್ಮ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳೆಂದರೆ ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಶಿರಸಿ, ಹಳಿಯಾಳ. ಇದರಲ್ಲಿ ಶಿರಸಿ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಮೀಸಲು ಕ್ಷೇತ್ರದಲ್ಲಿ ಆ ವರ್ಗದವರು ಮಾತ್ರ ನಾಮಪತ್ರ ಹಾಕಬಹುದು. ಶಿರಸಿಯಲ್ಲಿ ಮನೆ, ತೋಟ, ಮತ ಎಲ್ಲ ಇದ್ದರೂ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಅಲ್ಲಿ ದಾರಿ ಇರಲಿಲ್ಲ. ಹಾಗಂತ ಬೇರೆ ಕಡೆ ನಿಲ್ಲಲು ಅಡ್ಡಿಯೂ ಇರಲಿಲ್ಲ. ವಿಧಾನಸಭೆಗೆ ಸ್ಪರ್ಧಿಸುವವರು ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರ ಪಟ್ಟಿಯಲ್ಲಿದ್ದರೆ ಸಾಕು, ಅದೇ ಕ್ಷೇತ್ರದಲ್ಲಿ ಇರಬೇಕೆಂದಿಲ್ಲ. ತಮ್ಮ ಹೆಸರಿರುವ ಭಾಗದ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ ಕೊಡಬೇಕು, ಅಷ್ಟೇ. ಕಾಗೇರಿಯವರು 1994, 1999, 2004ರಲ್ಲಿ ಅಂಕೋಲಾದಿಂದ ಬಿಜೆಪಿ ಅಭ್ಯರ್ಥಿಯಾಗಿ ಗೆದ್ದದ್ದು ಈ ಚೌಕಟ್ಟಿನೊಳಗೆ.

2001ರ ಜನಗಣತಿಯ ಆಧಾರದಲ್ಲಿ ಆದ ಕ್ಷೇತ್ರ ಪುನರ್ವಿಂಗಡಣೆ ಎಲ್ಲವನ್ನೂ ಬದಲಿಸಿತು. ಹೊಸ ಗಡಿಯಲ್ಲಿ ಮೊಟ್ಟಮೊದಲು ಚುನಾವಣೆ ನಡೆದದ್ದು ಕರ್ನಾಟಕದಲ್ಲೇ, 2008ರ ಮೇ ತಿಂಗಳಲ್ಲಿ. ಅಂಕೋಲಾ ಕ್ಷೇತ್ರ ಇಲ್ಲವಾಯಿತು, ಅಂಕೋಲಾ ತಾಲೂಕು ಕಾರವಾರಕ್ಕೆ ಸೇರಿತು. ಯಲ್ಲಾಪುರ ಹೊಸ ಕ್ಷೇತ್ರವಾಯಿತು. ಶಿರಸಿಯ ಮೀಸಲಾತಿ ಹೋಯಿತು. ಈಗ ಜಿಲ್ಲೆಯ ಆರೂ ಕ್ಷೇತ್ರಗಳು ಸಾಮಾನ್ಯ. ಕ್ರಮಸಂಖ್ಯೆ ಹಳಿಯಾಳ 76, ಕಾರವಾರ 77, ಕುಮಟಾ 78, ಭಟ್ಕಳ 79, ಶಿರಸಿ 80, ಯಲ್ಲಾಪುರ 81. ಫಲಕದಲ್ಲಿ ಈ ಸಂಖ್ಯೆಯನ್ನೂ ಹಾಕಿ, ಆದರೆ 2008 ಮತ್ತು ಅದರ ನಂತರದ ಸಾಲುಗಳಿಗೆ ಮಾತ್ರ. ಹಳೆಯ ಸಾಲುಗಳಿಗೆ ಈ ಸಂಖ್ಯೆ ಅನ್ವಯಿಸುವುದಿಲ್ಲ.

ಒಂದು ಸೂಕ್ಷ್ಮ ಇದೆ. ಈಗಿನ ಶಿರಸಿ ಕ್ಷೇತ್ರ ಎಂದರೆ ಸಿದ್ದಾಪುರ ತಾಲೂಕು ಪೂರ್ತಿ ಮತ್ತು ಬನವಾಸಿ ಹೋಬಳಿ ಬಿಟ್ಟು ಉಳಿದ ಶಿರಸಿ ತಾಲೂಕು. ಬನವಾಸಿ ಯಲ್ಲಾಪುರ ಕ್ಷೇತ್ರದಲ್ಲಿದೆ, ಮುಂಡಗೋಡ ಮತ್ತು ಯಲ್ಲಾಪುರ ತಾಲೂಕುಗಳ ಜೊತೆ. ‘ಶಿರಸಿ ತಾಲೂಕಿನ ಶಾಸಕ’ ಎಂದು ಬರೆದರೆ ಬನವಾಸಿಯವರು ಫಲಕದ ಮುಂದೆ ನಿಂತು ಪ್ರಶ್ನೆ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ‘ಶಿರಸಿ ವಿಧಾನಸಭಾ ಕ್ಷೇತ್ರ’ ಎಂದೇ ಬರೆಯಿರಿ.

ಇನ್ನು ಅಂಕೋಲಾದ ಮೂರು ಗೆಲುವಿನ ಅಂತರವನ್ನೂ ಶಿರಸಿಯ ಗೆಲುವಿನ ಅಂತರವನ್ನೂ ಒಂದೇ ಗೆರೆಯ ನಕ್ಷೆಯಲ್ಲಿ ಸೇರಿಸಬೇಡಿ. ಊರು ಬೇರೆ, ಮತದಾರರು ಬೇರೆ. 2004ಕ್ಕೂ 2008ಕ್ಕೂ ನಡುವೆ ಒಂದು ದಪ್ಪ ಗೆರೆ ಎಳೆದು ‘ಕ್ಷೇತ್ರ ಪುನರ್ವಿಂಗಡಣೆ’ ಎಂದು ನಮೂದಿಸಿ. ಇಡೀ ಫಲಕದಲ್ಲಿ ಮಕ್ಕಳು ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಅದೇ ಎನ್ನುವುದು ನನ್ನ ಅಭಿಪ್ರಾಯ.

ಆರು ಅಥವಾ ಏಳು ಎನ್ನುವುದಕ್ಕೆ: ವಿಧಾನಸಭೆಗೆ ಆರು ಸಲ. ಅಂಕೋಲಾದಿಂದ 10, 11, 12ನೇ ವಿಧಾನಸಭೆಗೆ, ಶಿರಸಿಯಿಂದ 13, 14, 15ನೇ ವಿಧಾನಸಭೆಗೆ (2008, 2013, 2018). 2024ರ ಲೋಕಸಭೆಯನ್ನು ಸೇರಿಸಿದವರು ಏಳು ಎನ್ನುತ್ತಾರೆ. ‘ಆರು ಬಾರಿ ಶಾಸಕ, ಒಮ್ಮೆ ಸಂಸದ’ ಎಂದು ಬಿಡಿಸಿ ಬರೆದರೆ ಗೊಂದಲವೇ ಇಲ್ಲ.

ಮತಪತ್ರ_80 (ಸಿದ್ದಾಪುರ):

ಮೇಲಿನವರು ಹೇಳಿದ್ದು ಸರಿ. ನಾನು ಮತಗಳ ಲೆಕ್ಕ ಮತ್ತು 2023ರ ಸಾಲಿನ ಬಗ್ಗೆ ಹೇಳುತ್ತೇನೆ.

ಶೇಕಡಾವಾರು ಬೇರೆ ಬೇರೆ ಬರಲು ಕಾರಣ ಭಾಗಿಸುವ ಸಂಖ್ಯೆ ಬೇರೆ ಆಗಿರುವುದು. ಕೆಲವರು ಚಲಾವಣೆಯಾದ ಒಟ್ಟು ಮತದಿಂದ ಭಾಗಿಸುತ್ತಾರೆ, ಕೆಲವರು ಅಭ್ಯರ್ಥಿಗಳಿಗೆ ಬಿದ್ದ ಸಿಂಧು ಮತದಿಂದ. ನಡುವೆ ಇರುವುದು ನೋಟಾ ಮತ್ತು ತಿರಸ್ಕೃತ ಅಂಚೆ ಮತ. ನೋಟಾ ಬಂದದ್ದು 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನಂತರ. ನಮ್ಮ ರಾಜ್ಯದ 2013ರ ಚುನಾವಣೆ ಮೇ ತಿಂಗಳಲ್ಲೇ ಮುಗಿದಿತ್ತು. ಅಂದರೆ 2013ರ ಪಟ್ಟಿಯಲ್ಲಿ ನೋಟಾ ಕಾಲಂ ಇರುವುದಿಲ್ಲ, 2018ರಲ್ಲಿ ಇರುತ್ತದೆ. ಎರಡನ್ನೂ ಹೋಲಿಸಬೇಕಾದರೆ ನೋಟಾ ಬಿಟ್ಟು, ಅಭ್ಯರ್ಥಿಗಳಿಗೆ ಬಿದ್ದ ಸಿಂಧು ಮತಗಳ ಮೇಲೆ ಶೇಕಡಾ ತೆಗೆಯಿರಿ. ಠೇವಣಿ ಲೆಕ್ಕವೂ ಹಾಗೆಯೇ. ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ, ಆ ಸಿಂಧು ಮತದಲ್ಲಿ ನೋಟಾ ಸೇರುವುದಿಲ್ಲ. ಯಾವ ಆಧಾರ ಹಿಡಿದಿದ್ದೀರಿ ಎಂದು ಫಲಕದ ಅಡಿಯಲ್ಲಿ ಒಂದು ಸಾಲು ಹಾಕಿಬಿಡಿ.

ಈಗ 2023. ಅಂಕಿ ನೋಡಿ.

2018: ಕಾಗೇರಿ (ಬಿಜೆಪಿ) 70,595. ಭೀಮಣ್ಣ ನಾಯ್ಕ (ಕಾಂಗ್ರೆಸ್) 53,134. ಅಂತರ 17,461.
2023: ಭೀಮಣ್ಣ ನಾಯ್ಕ (ಕಾಂಗ್ರೆಸ್) 76,887. ಕಾಗೇರಿ (ಬಿಜೆಪಿ) 68,175. ಅಂತರ 8,712.

ಕಾಗೇರಿಯವರಿಗೆ ಕಡಿಮೆಯಾದದ್ದು 2,420 ಮತ. ಭೀಮಣ್ಣನವರಿಗೆ ಹೆಚ್ಚಿದ್ದು 23,753. ಎರಡನ್ನೂ ಕೂಡಿಸಿದರೆ 26,173. ಹಳೆಯ ಅಂತರ ಮತ್ತು ಹೊಸ ಅಂತರ ಕೂಡಿಸಿದರೂ ಅದೇ 26,173. ಅಂದರೆ ಫಲಿತಾಂಶ ತಿರುಗಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಎದುರಾಳಿಯ ಏರಿಕೆಯದು, ಒಂದು ಪಾಲು ಮಾತ್ರ ಇವರ ಇಳಿಕೆಯದು. 2018ರಲ್ಲಿ ಜೆಡಿಎಸ್‌ನ ಶಶಿಭೂಷಣ ಹೆಗಡೆಯವರು 26 ಸಾವಿರ ದಾಟಿದ್ದರು. 2023ರಲ್ಲಿ ಆ ಪಕ್ಷದ ಮತ 9 ಸಾವಿರದ ಆಸುಪಾಸಿಗೆ ಬಂತು. ಮೂರು ಕೋನದ ಸ್ಪರ್ಧೆ ಹೆಚ್ಚುಕಮ್ಮಿ ನೇರ ಸ್ಪರ್ಧೆಯಾಯಿತು.

ಹಾಗಾಗಿ ‘ಮತದಾರರು ಕೈಬಿಟ್ಟರು’ ಎಂಬ ಸಾಲನ್ನು ತೆಗೆಯಿರಿ. 68 ಸಾವಿರ ಜನ ಮತ ಕೊಟ್ಟವರನ್ನು ಕೈಬಿಟ್ಟರು ಎನ್ನುವುದು ಆ 68 ಸಾವಿರಕ್ಕೂ ಅನ್ಯಾಯ, ಗೆದ್ದವರು ಐದು ವರ್ಷ ಕಟ್ಟಿಕೊಂಡ ಮತಕ್ಕೂ ಅನ್ಯಾಯ. ಭೀಮಣ್ಣನವರು 2018ರಲ್ಲಿ ಶಿರಸಿಯಲ್ಲಿ ಸೋತರು, 2019ರ ಡಿಸೆಂಬರಿನಲ್ಲಿ ಯಲ್ಲಾಪುರ ಉಪಚುನಾವಣೆಯಲ್ಲಿ ಸೋತರು, 2023ರಲ್ಲಿ ಶಿರಸಿಯಲ್ಲಿ ಗೆದ್ದರು. ‘ತ್ರಿಕೋನ ಸ್ಪರ್ಧೆ ಕರಗಿ 8,712 ಮತಗಳಿಂದ ಸೋಲು’ ಎಂದರೆ ಅಂಕಿಗೆ ನಿಷ್ಠವಾಗಿರುತ್ತದೆ.

ಇನ್ನೂ ಆಳಕ್ಕೆ ಹೋಗಬೇಕೆಂದರೆ ಫಾರ್ಮ್ 20 ತೆಗೆಯಿರಿ. ಮತಗಟ್ಟೆವಾರು ಅಂತಿಮ ಫಲಿತಾಂಶದ ಹಾಳೆ ಅದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಪಿಡಿಎಫ್ ಇರುತ್ತದೆ. ಎಡಗಡೆ ಮತಗಟ್ಟೆ ಸಂಖ್ಯೆ, ನಂತರ ಪ್ರತಿ ಅಭ್ಯರ್ಥಿಯ ಮತ, ಒಟ್ಟು ಸಿಂಧು ಮತ, ತಿರಸ್ಕೃತ, ನೋಟಾ, ಒಟ್ಟು, ಕೊನೆಗೆ ಟೆಂಡರ್ ಮತ. ಟೆಂಡರ್ ಮತ (ತಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾಗ ನಿಜವಾದ ಮತದಾರರು ಹಾಕುವ ಮತ) ಎಣಿಕೆಗೆ ಬರುವುದಿಲ್ಲ, ಅದನ್ನು ಕೂಡಿಸಬೇಡಿ. ಹಾಳೆಯ ತುದಿಯಲ್ಲಿ ಮೂರು ಸಾಲು ಇರುತ್ತವೆ: ಯಂತ್ರದ ಮತಗಳ ಮೊತ್ತ, ಅಂಚೆ ಮತ, ಒಟ್ಟಾರೆ ಮೊತ್ತ. ಮತಗಟ್ಟೆಗಳನ್ನು ಕೂಡಿಸಿದಾಗ ಘೋಷಿತ ಫಲಿತಾಂಶಕ್ಕಿಂತ ಕಡಿಮೆ ಬಂತು ಎಂದು ಗಾಬರಿಯಾಗಬೇಡಿ, ಕೊರತೆಯಾದದ್ದು ಅಂಚೆ ಮತದ ಸಾಲಿನಲ್ಲಿ ಕೂತಿರುತ್ತದೆ. 2023ರಲ್ಲಿ 80 ವರ್ಷ ದಾಟಿದವರು ಮತ್ತು ಅಂಗವಿಕಲರು ಮನೆಯಲ್ಲೇ ಮತ ಹಾಕುವ ಸೌಲಭ್ಯ ಇತ್ತು. ಆ ಮತಗಳೂ ಅಂಚೆ ಮತದ ಲೆಕ್ಕಕ್ಕೇ ಹೋಗುತ್ತವೆ, ಅವರ ಊರಿನ ಮತಗಟ್ಟೆಯ ಸಾಲಿನಲ್ಲಿ ಕಾಣಿಸುವುದಿಲ್ಲ. ಹುಲೇಕಲ್ ಕಡೆಯ ಯಾವುದಾದರೂ ಸಣ್ಣ ಮತಗಟ್ಟೆ ನೋಡುವಾಗ ಇದು ನೆನಪಿರಲಿ, ಅಲ್ಲಿ ಹತ್ತು ಮತವೂ ಶೇಕಡಾವನ್ನು ಅಲುಗಾಡಿಸುತ್ತದೆ.

2018 ಮತ್ತು 2023ರ ಹಾಳೆಗಳನ್ನು ಪಕ್ಕಪಕ್ಕ ಇಡುವಾಗ ಮತಗಟ್ಟೆ ಸಂಖ್ಯೆಯನ್ನು ನಂಬಬೇಡಿ. ಮತದಾರರು ಹೆಚ್ಚಾದ ಮತಗಟ್ಟೆಯನ್ನು ಒಡೆಯುತ್ತಾರೆ, ‘ಎ’ ಸೇರಿಸಿ ಹೆಚ್ಚುವರಿ ಮತಗಟ್ಟೆ ಮಾಡುತ್ತಾರೆ, ಆಮೇಲೆ ಬಂದ ಸಂಖ್ಯೆಗಳೆಲ್ಲ ಜರುಗುತ್ತವೆ. ಫಾರ್ಮ್ 20ರಲ್ಲಿ ಶಾಲೆಯ ಹೆಸರು ಇರುವುದಿಲ್ಲ. ಎರಡೂ ವರ್ಷದ ಮತಗಟ್ಟೆ ಪಟ್ಟಿ ಬೇರೆಯಾಗಿ ಇಳಿಸಿಕೊಂಡು ಶಾಲೆಯ ಹೆಸರಿನಿಂದ ಹೊಂದಿಸಿ. ಒಡೆದ ಮತಗಟ್ಟೆಗಳನ್ನು ಕೂಡಿಸಿ ಒಂದು ಮಾಡಿ, ಆಮೇಲೆ ಹೋಲಿಸಿ. ಈ ಒಂದು ಕೆಲಸ ಬಿಟ್ಟರೆ ‘ಆ ಊರು ತಿರುಗಿಬಿತ್ತು’ ಎಂಬ ಸುಳ್ಳು ತೀರ್ಮಾನ ಗ್ಯಾರಂಟಿ. ಹೊಂದಿಸಿದ ಮೇಲೂ ಫಾರ್ಮ್ 20 ಹೇಳುವುದು ಮೊತ್ತವನ್ನಷ್ಟೇ. ಜೆಡಿಎಸ್ ಮತ ಇಳಿದ ಕಡೆಯೇ ಕಾಂಗ್ರೆಸ್ ಮತ ಏರಿದೆ ಎಂದು ಬರೆಯಬಹುದು, ಇಂಥವರೇ ಅಲ್ಲಿಂದ ಇಲ್ಲಿಗೆ ಬಂದರು ಎಂದು ಬರೆಯುವಂತಿಲ್ಲ.

ಶಾಲ್ಮಲಾ_ದಂಡೆ (ಶಿರಸಿ):

ಇಬ್ಬರಿಗೂ ತುಂಬ ಧನ್ಯವಾದ. ಆ ಸಾಲನ್ನು ಬದಲಾಯಿಸಲು ಸಮಿತಿಗೆ ಈ ಅಂಕಿ ತೋರಿಸುತ್ತೇನೆ. ಮುಂದಿನ ಫಲಕಗಳು ಆರ್.ವಿ. ದೇಶಪಾಂಡೆ ಮತ್ತು ಶಿವರಾಮ ಹೆಬ್ಬಾರರದು. ಅಲ್ಲಿ ಏನು ಎಡವಟ್ಟು ಆಗಬಹುದು? ಕಾಗೇರಿಯವರು ಸ್ಪೀಕರ್ ಆಗಿದ್ದ ಅವಧಿ ಹೇಗೆ ನಮೂದಿಸಬೇಕು, ಅದೂ ಹೇಳಿ.

ಕಾಳಿ_ನದಿ (ಹಳಿಯಾಳ):

ದೇಶಪಾಂಡೆಯವರದು ಕ್ಷೇತ್ರ ಬದಲಾಗದ ದಾಖಲೆ, ಪಕ್ಷ ಬದಲಾದ ದಾಖಲೆ. ಹಳಿಯಾಳದಿಂದ 1983 ಮತ್ತು 1985ರಲ್ಲಿ ಜನತಾ ಪಕ್ಷ, 1989 ಮತ್ತು 1994ರಲ್ಲಿ ಜನತಾ ದಳ, 1999ರಿಂದ ಈಚೆಗೆ ಕಾಂಗ್ರೆಸ್. 1999, 2004ರಲ್ಲಿ ಗೆದ್ದು, 2008ರಲ್ಲಿ ಜೆಡಿಎಸ್‌ನ ಸುನೀಲ ಹೆಗಡೆಯವರಿಗೆ ಸೋತು, 2013, 2018, 2023ರಲ್ಲಿ ಮತ್ತೆ ಗೆದ್ದರು. ಒಟ್ಟು ಒಂಬತ್ತು ಗೆಲುವು. ‘ಸತತ ಒಂಬತ್ತು’ ಎಂದು ಎಲ್ಲಾದರೂ ಕಂಡರೆ ಒಪ್ಪಬೇಡಿ, ಸತತವಾಗಿ ಗೆದ್ದದ್ದು ಮೊದಲ ಆರು. 2023ರ ಅಂತರ 3,623, ಎದುರಾಳಿ ಅದೇ ಸುನೀಲ ಹೆಗಡೆ, ಆಗ ಬಿಜೆಪಿಯಲ್ಲಿದ್ದರು. ಎದುರಾಳಿಯ ಪಕ್ಷಕ್ಕೂ ಒಂದು ಕಾಲಂ ಬೇಕು ಎನ್ನುವುದು ಇದಕ್ಕೇ. ಪಕ್ಷ ನೋಡಿದರೆ ಬೇರೆ ಬೇರೆ ಸ್ಪರ್ಧೆ ಎನಿಸುತ್ತದೆ, ವ್ಯಕ್ತಿ ನೋಡಿದರೆ 2008ರಿಂದ ಈಚೆಗೆ ಅದೇ ಇಬ್ಬರ ಹಣಾಹಣಿ. ಹಳಿಯಾಳ ಎಂಬ ಹೆಸರು ಉಳಿದಿದೆ ಎಂದು ಗಡಿಯೂ ಹಾಗೇ ಉಳಿದಿದೆ ಎಂದುಕೊಳ್ಳಬೇಡಿ. 2008ರ ದಪ್ಪ ಗೆರೆ ಇಲ್ಲಿಯೂ ಇರಲಿ.

ಹೆಬ್ಬಾರರದರಲ್ಲಿ ತೊಡಕು ಉಪಚುನಾವಣೆ. ಯಲ್ಲಾಪುರದಲ್ಲಿ 2013 ಮತ್ತು 2018ರಲ್ಲಿ ಕಾಂಗ್ರೆಸ್‌ನಿಂದ ಗೆಲುವು. 2018ರ ಅಂತರ 1,483 ಮಾತ್ರ, ಎದುರಾಳಿ ಬಿಜೆಪಿಯ ವಿ.ಎಸ್. ಪಾಟೀಲ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರನ್ನು ಆಗಿನ ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಳಿಸಿದರು. ಹೆಬ್ಬಾರರ ಹೆಸರು 28 ಜುಲೈ ಆದೇಶದಲ್ಲಿತ್ತು. 13 ನವೆಂಬರ್ 2019ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ಭಾಗವನ್ನು ರದ್ದುಮಾಡಿತು. ಹಾಗಾಗಿ 5 ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು 31,408 ಮತಗಳ ಅಂತರದಲ್ಲಿ ಗೆದ್ದರು. 2023ರಲ್ಲಿ ಮತ್ತೆ ಬಿಜೆಪಿಯಿಂದ ಗೆಲುವು. ಈ ಸಲ ಎದುರಾಳಿ ಅದೇ ವಿ.ಎಸ್. ಪಾಟೀಲ, ಕಾಂಗ್ರೆಸ್‌ನಿಂದ. 2025ರ ಮೇ ತಿಂಗಳಲ್ಲಿ ಬಿಜೆಪಿ ಹೆಬ್ಬಾರರನ್ನು ಉಚ್ಚಾಟಿಸಿತು.

ಇದನ್ನು ಬರೆಯುವಾಗ ನಾಲ್ಕು ಚುನಾವಣೆ ಗೆಲುವು, ಮೂರು ವಿಧಾನಸಭೆ (14, 15, 16) ಎಂದು ಬಿಡಿಸಿ. ಕಾರವಾರದ ಆನಂದ ಅಸ್ನೋಟಿಕರ ಅವರದೂ ಇದೇ ಥರ. 2008ರ ಸಾರ್ವತ್ರಿಕ ಚುನಾವಣೆಯಲ್ಲಿ ಕಾಂಗ್ರೆಸ್, ಅದೇ ವರ್ಷದ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿ. ಗೆಲುವು ಎರಡು, ವಿಧಾನಸಭೆ ಒಂದೇ. ಚುನಾವಣಾ ಆಯೋಗ ಸಾರ್ವತ್ರಿಕ ಚುನಾವಣೆಯ ನಂತರ ತರುವ ಅಂಕಿಅಂಶ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ, ಆ ಫಲಿತಾಂಶಗಳನ್ನು ಬೇರೆ ಪುಟದಲ್ಲಿ ಹುಡುಕಬೇಕು. ಬರೀ ಆ ವರದಿ ನೋಡಿದವರ ಪಟ್ಟಿಯಲ್ಲಿ 2018 ಕಾಂಗ್ರೆಸ್, 2023 ಬಿಜೆಪಿ ಎಂದಷ್ಟೇ ಇರುತ್ತದೆ. ನಡುವೆ ನಡೆದ, ರಾಜ್ಯದ ಸರಕಾರವನ್ನೇ ಬದಲಿಸಿದ ಘಟನೆ ಮಾಯವಾಗುತ್ತದೆ.

ಘಟ್ಟದ_ಕೆಳಗೆ (ಅಂಕೋಲಾ):

ಸ್ಪೀಕರ್ ಪ್ರಶ್ನೆಗೆ. ಕಾಗೇರಿಯವರು 2008ರ ನಂತರದ ಬಿಜೆಪಿ ಸರಕಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರು. 31 ಜುಲೈ 2019ರಂದು ಅವಿರೋಧವಾಗಿ ಸ್ಪೀಕರ್ ಆದರು. ಮುಕ್ತಾಯದ ದಿನಾಂಕದಲ್ಲಿ ಬಹಳ ಜನ 13 ಮೇ 2023 ಎಂದು ಬರೆಯುತ್ತಾರೆ, ಫಲಿತಾಂಶ ಬಂದ ದಿನ. ಅದು ತಪ್ಪು. ಸಂವಿಧಾನದ 179ನೇ ವಿಧಿಯ ಪ್ರಕಾರ ವಿಧಾನಸಭೆ ವಿಸರ್ಜನೆಯಾದರೂ ಸ್ಪೀಕರ್ ಹುದ್ದೆ ತೆರವಾಗುವುದಿಲ್ಲ, ಹೊಸ ಸಭೆ ಮೊದಲ ಸಲ ಸೇರುವ ಮುಂಚಿನ ಕ್ಷಣದವರೆಗೆ ಇರುತ್ತದೆ. ಚುನಾವಣೆಯಲ್ಲಿ ಸೋತರೂ ಇದು ಅನ್ವಯ. 16ನೇ ವಿಧಾನಸಭೆ ಸೇರಿದ್ದು 22 ಮೇ 2023. ಆ ದಿನ ಹಂಗಾಮಿ ಸ್ಪೀಕರ್ ಆಗಿ ಪೀಠದಲ್ಲಿ ಕೂತು ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸಿದವರು ನಿಮ್ಮ ಎರಡನೇ ಫಲಕದ ದೇಶಪಾಂಡೆಯವರು. 24 ಮೇಯಂದು ಯು.ಟಿ. ಖಾದರ್ ಆಯ್ಕೆಯಾದರು. ಒಂದೇ ಜಿಲ್ಲೆಯ ಇಬ್ಬರ ನಡುವೆ ಪೀಠ ಹಸ್ತಾಂತರವಾದದ್ದನ್ನು ಎರಡೂ ಫಲಕದಲ್ಲಿ ತೋರಿಸಿ, ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ.

ಹಾಗೆಯೇ ಶಾಸಕತ್ವದ ಅವಧಿಯನ್ನು ‘2004–2008’ ಎಂದು ಚುನಾವಣೆಯಿಂದ ಚುನಾವಣೆಗೆ ಬರೆಯಬೇಡಿ. 12ನೇ ವಿಧಾನಸಭೆ 2007ರ ನವೆಂಬರಿನಲ್ಲೇ ವಿಸರ್ಜನೆಯಾಗಿ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ‘2004ರಲ್ಲಿ ಆಯ್ಕೆ’ ಎಂದರೆ ಸಾಕು.

ಮತಪತ್ರ_80 (ಸಿದ್ದಾಪುರ):

ಲೋಕಸಭೆಯ ಸಾಲು ಬಿಟ್ಟುಹೋಯಿತು. 2024ರಲ್ಲಿ ಕಾಗೇರಿಯವರಿಗೆ 7,82,495, ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ ಅವರಿಗೆ 4,45,067, ಅಂತರ 3,37,428. ಉತ್ತರ ಕನ್ನಡ ಲೋಕಸಭಾ ಕ್ಷೇತ್ರ ಎಂದರೆ ನಮ್ಮ ಆರು ಕ್ಷೇತ್ರದ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು ಸೇರಿ ಎಂಟು. ಅದನ್ನು 8,712ರ ಪಕ್ಕ ಇಟ್ಟು ‘ಒಂದೇ ವರ್ಷದಲ್ಲಿ ಚೇತರಿಕೆ’ ಎನ್ನುವುದು ಸಲ್ಲದು. ಲೋಕಸಭೆಯ ಫಾರ್ಮ್ 20 ವಿಧಾನಸಭಾ ಕ್ಷೇತ್ರವಾರು ಬೇರೆ ಬೇರೆ ಇರುತ್ತದೆ. ಶಿರಸಿ ಭಾಗದ ಹಾಳೆ ತೆಗೆದು, ಪ್ರತ್ಯೇಕ ಚೌಕದಲ್ಲಿ, ‘ಲೋಕಸಭೆ’ ಎಂದು ಶೀರ್ಷಿಕೆ ಹಾಕಿ ಕೊಡಿ.

ಹುಡುಕುವಾಗ ಹೆಸರಿನ ಕಾಟ ಇದೆ. ವರದಿಗಳಲ್ಲಿ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಒಂದು ವರ್ಷ ಹೆಗಡೆ ಮೊದಲು, ಇನ್ನೊಂದು ವರ್ಷ ಕೊನೆಗೆ, ಕಾಗೇರಿ ಕೆಲವೆಡೆ ಇರುವುದೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಹೆಗಡೆ, ನಾಯ್ಕ ಎಂದು ಹುಡುಕಿದರೆ ಪುಟ ತುಂಬ ಬರುತ್ತದೆ. ಕ್ಷೇತ್ರದ ಹೆಸರಿನಿಂದ ಹುಡುಕಿ, ಪಕ್ಷದಿಂದ ಖಚಿತಪಡಿಸಿಕೊಳ್ಳಿ. ಅಭ್ಯರ್ಥಿಯ ಪೂರ್ತಿ ಹೆಸರು, ವಯಸ್ಸು, ವಿದ್ಯಾರ್ಹತೆ ಬೇಕಾದರೆ ಫಾರ್ಮ್ 26 ಪ್ರಮಾಣಪತ್ರ ನೋಡಿ. ಅಂಥ ಪ್ರಮಾಣಪತ್ರ ಕಡ್ಡಾಯವಾದದ್ದು 2003ರ ಈಚೆಗೆ. 1994 ಮತ್ತು 1999ಕ್ಕೆ ವಿಧಾನಸಭಾ ಸಚಿವಾಲಯದ ಸದಸ್ಯರ ಪರಿಚಯ ಪುಸ್ತಕವೇ ಗತಿ. ವೆಬ್‌ಸೈಟಿನಲ್ಲಿ ಇಲ್ಲದ ಫಾರ್ಮ್ 20ಕ್ಕೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ಉತ್ತರಕ್ಕೆ 30 ದಿನದ ಗಡುವು ಇದೆ. ಅರ್ಜಿಯಲ್ಲಿ ‘ಚುನಾವಣಾ ಮಾಹಿತಿ’ ಎಂದು ಸಡಿಲವಾಗಿ ಬರೆದರೆ ಸ್ಪಷ್ಟನೆ ಕೇಳಿ ವಾಪಸ್ ಬರುತ್ತದೆ. ಚುನಾವಣೆಯ ವರ್ಷ, ಕ್ಷೇತ್ರದ ಹೆಸರು, ‘ಫಾರ್ಮ್ 20, ಎಲ್ಲ ಪುಟಗಳು, ಅಂಚೆ ಮತದ ಸಾಲು ಸಹಿತ’ ಎಂದು ನಮೂದಿಸಿ. 2004ರ ಹಾಳೆ ಕೇಳುವಾಗ ಕ್ಷೇತ್ರ ‘ಅಂಕೋಲಾ’ ಎಂದೇ ಬರೆಯಬೇಕು, ಶಿರಸಿ ಎಂದು ಬರೆದರೆ ಮೀಸಲು ಕ್ಷೇತ್ರದ ಹಾಳೆ ಕೈಗೆ ಬರುತ್ತದೆ.